ಮೂಲೆಮನೆ ಜಗಲಿಯ ರಾಜ್ಯಭಾರ

ಮೊನ್ನೆ ಅಟ್ಟದಿಂದ ಅತ್ತೆಯ ಕಬ್ಬಿಣದ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಾಗ ಮೊದಲು ಎದುರಾದದ್ದು ವಾಸನೆ. ಮಗ್ಗದ ಎಣ್ಣೆ, ಬಣ್ಣ ಹಾಕಿದ ಹೊಸ ನೂಲು, ಹಳೆಯ ಕಾಗದ, ಈ ಮೂರೂ ಐವತ್ತು ವರ್ಷ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿದರೆ ಬರುವಂಥ ವಾಸನೆ. ಅತ್ತೆಯ ಧಾರೆ ಸೀರೆಯ ಕೆಳಗೆ ಆ ಕಾದಂಬರಿ ಇತ್ತು. ರಟ್ಟು ಹೋಗಿತ್ತು. ಮೊದಲ ಹಾಳೆಗಳೂ ಹೋಗಿದ್ದವು. ಆದರೆ ಪುಸ್ತಕದ ನಡುವೆ ಗುರುತಿಗೆಂದು ಇಟ್ಟಿದ್ದ ನೇರಳೆ ಬಣ್ಣದ ನೂಲಿನ ಎಳೆ ಮಾತ್ರ ಇಟ್ಟಲ್ಲೇ ಇತ್ತು. ಅದನ್ನು ಕಂಡದ್ದೇ ಎದೆಯ ಕೆಳಗೆ ಸಣ್ಣಗೆ ಚುರುಗುಟ್ಟಿತು. ಪುಸ್ತಕಕ್ಕೆ ಹುಳು ಹಿಡಿದಿತ್ತು, ಸೀರೆಯ ಮಡಿಕೆಗಳು ಹರಿದಿದ್ದವು. ನನ್ನ ಹೊಟ್ಟೆಕಿಚ್ಚಿಗೆ ಮಾತ್ರ ಏನೂ ಆಗಿರಲಿಲ್ಲ.

ಆ ನೂಲಿಟ್ಟವಳು ನಮ್ಮ ಬೀದಿಯ ಮೂಲೆಮನೆ ಅಕ್ಕ.

ನಾನು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದವಳು. ಆ ಬೀದಿಯ ಹೆಂಗಸರಲ್ಲಿ ಅಂಥ ಪದವೀಧರೆ ಇನ್ನೊಬ್ಬಳಿಲ್ಲವೆಂದು ಸಂಬಂಧ ಕುದುರಿಸಿದವರೇ ಹೇಳಿದ್ದರು. ಹೀಗಾಗಿ ಸಿಂಹಾಸನ ಖಾಲಿಯಿದೆ ಎಂಬ ಭರವಸೆಯಲ್ಲೇ ನಾನು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದೆ. ನನ್ನ ಟ್ರಂಕಿನಲ್ಲಿ ಸೀರೆಗಳ ಜೊತೆಗೆ ಪುಸ್ತಕಗಳೂ ಇದ್ದವು. ಅವನ್ನು ಎಲ್ಲರಿಗೂ ಕಾಣುವ ಹಾಗೆ ಗೂಡಿನಲ್ಲಿ ಜೋಡಿಸಿದೆ. ಯಾರೂ ನೋಡಲಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಅವು ಓಡುತ್ತಿದ್ದರೆ ಮಾತಾಡಲು ಕೂಗಬೇಕಿತ್ತು, ಅತ್ತೆ ಕೂಗುವ ಪೈಕಿಯವರಲ್ಲ. ಮಗ್ಗ ನಿಂತಾಗಲೂ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಕಡಿಮೆ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಆ ವಿಷಯವನ್ನು ಒಲೆಗೆ ಹೇಳುತ್ತಿದ್ದರು. ನಾನು ತಡವಾಗಿ ಎದ್ದರೆ ಅದರ ವರದಿ ಹಸುವಿಗೆ ಹೋಗುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಒಂದು. ಟಿ.ಸಿ.ಎಚ್. ಮಾಡಿ ಸ್ಕೂಲು ಟೀಚರ್ ಆಗಬೇಕು. ಗಂಡನನ್ನು ಕೇಳಿದರೆ, "ಅಮ್ಮ ಹೂಂ ಅಂದ್ರೆ ನಂದೇನಿಲ್ಲ" ಎಂದರು. ಮಾವನವರು, "ಅವಳನ್ನ ಕೇಳಮ್ಮ" ಎಂದು ಲಾಳಿಗೆ ಎಣ್ಣೆ ಬಿಟ್ಟರು. ಅತ್ತೆಯನ್ನು ಕೇಳಿದೆ. ಸ್ವಚ್ಛ ಕನ್ನಡದಲ್ಲಿ, ತಲೆ ತಗ್ಗಿಸಿ, ಹಲವು ಸಲ ಕೇಳಿದೆ. ಅತ್ತೆ ಒಲೆಯ ಕಡೆ ತಿರುಗಿ, "ನಾಲ್ಕು ಮಗ್ಗಕ್ಕೆ ಕಂಡಿಕೆ ಯಾರು ಸುತ್ತೋರಂತೆ?" ಎಂದರು. ಒಲೆ ಉತ್ತರ ಕೊಡಲಿಲ್ಲ.

ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತಿದರೆ ಅದೇ ಕಂಡಿಕೆ. ಮಗ್ಗ ಕರೆಂಟಿನಿಂದ ಓಡುತ್ತಿತ್ತು, ಕಂಡಿಕೆ ಸುತ್ತುವ ರಾಟೆ ಹೆಂಗಸರ ಕೈಯಿಂದ. ಆದ್ದರಿಂದ ಮಧ್ಯಾಹ್ನ ಕರೆಂಟು ಹೋದೊಡನೆ ಬೀದಿಯಲ್ಲಿ ರಾಜ್ಯ ಬದಲಾಗುತ್ತಿತ್ತು. ಅಷ್ಟೂ ಮನೆಗಳ ಟಕಟಕ ಒಮ್ಮೆಗೇ ನಿಂತು, ಗಂಡಸರು ಹೆಗಲ ಮೇಲಿನ ಟವೆಲಿನಿಂದ ಕಿವಿಯ ಸಂದಿಯ ಧೂಳು ಒರೆಸಿಕೊಳ್ಳುತ್ತ ಟೀ ಅಂಗಡಿಗೆ ಹೋಗುವರು. ಹೆಂಗಸರು ರಾಟೆ ಎತ್ತಿಕೊಂಡು ಮೂಲೆಮನೆ ಜಗಲಿಗೆ.

ನಮ್ಮ ಅತ್ತೆ ಎಲ್ಲರಿಗಿಂತ ಮುಂದೆ. ಮಂಡಿನೋವೆಂದು ದೇವರ ಮನೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವರು, ಕರೆಂಟು ಹೋದರೆ ಎಳೆ ಹುಡುಗಿಯ ಹಾಗೆ ಹೆಜ್ಜೆ ಹಾಕುತ್ತಿದ್ದರು.

ಅಲ್ಲಿ ಗೋಡೆಗೊರಗಿ ಕಾಲು ನೀಡಿ ಅಕ್ಕ ಕೂತಿರುತ್ತಿದ್ದಳು. ನಲವತ್ತೈದರ ಆಸುಪಾಸು, ದೊಡ್ಡ ಮೂಗುಬೊಟ್ಟು, ಎಡದವಡೆಯಲ್ಲಿ ಸದಾ ಎಲೆಅಡಿಕೆ. ಓದಿದ್ದು ನಾಲ್ಕನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಿಂದ ಗಂಡನ ಕೈಲಿ ಕಾದಂಬರಿ ತರಿಸಿ, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಸಾಮಾಜಿಕ ಕಾದಂಬರಿ ಆಕೆಗೆ ಆಗದು. "ನಮ್ಮನೆ ಪಾತ್ರೆ ನಾನು ತೊಳೆಯೋದೇ ಸಾಕು, ಅದನ್ನ ಬೇರೆ ಓದ್ಬೇಕಾ?" ಎನ್ನುತ್ತಿದ್ದಳು. ರಾಜ ಇರಬೇಕು, ರಾಣಿ ಇರಬೇಕು, ರಾಜನಿಗೆ ರಾಣಿಯ ಮೇಲೆ ಸಂಶಯ ಹುಟ್ಟಿಸಲು ಒಬ್ಬ ದಾಸಿ ಇರಬೇಕು. ಆಕೆ ಎದ್ದು ಜಗಲಿಯಾಚೆ ಉಗುಳಿ ಬಂದಳೆಂದರೆ ಇನ್ನು ಮಹಾರಾಜರು ಮಾತಾಡುತ್ತಾರೆ ಎಂದು ಅರ್ಥ. ಮನೆಮಾತು ತೆಲುಗಾದ್ದರಿಂದ, ಕೋಪ ನೆತ್ತಿಗೇರಿದಾಗ ಮಹಾರಾಜರು ತೆಲುಗಿನಲ್ಲಿ ಬೈಯುತ್ತಿದ್ದರು. ಆಸ್ಥಾನದಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆಕೆ ಓದುತ್ತಿದ್ದಷ್ಟು ಹೊತ್ತು ಆಕೆಯ ಪಾಲಿನ ಕಂಡಿಕೆಯನ್ನು ಉಳಿದವರು ಸುತ್ತಿ ಕೊಡುತ್ತಿದ್ದರು. ಅದು ಸಣ್ಣ ಕಪ್ಪಕಾಣಿಕೆ. ದೊಡ್ಡ ಕಪ್ಪ ಬೇರೆಯೇ ಇತ್ತು. ರಾಣಿ ವಿಷದ ಬಟ್ಟಲನ್ನು ತುಟಿಗೆ ತಂದ ಕ್ಷಣಕ್ಕೆ ಸರಿಯಾಗಿ ಅಕ್ಕ ಓದು ನಿಲ್ಲಿಸುವಳು. ಅಂದು ಮಗ್ಗದ ಮೇಲೆ ಯಾವ ಬಣ್ಣದ ಸೀರೆಯಿತ್ತೋ ಆ ಬಣ್ಣದ ಒಂದೆಳೆ ನೂಲನ್ನು ಪುಟದಲ್ಲಿಟ್ಟು ಪುಸ್ತಕ ಮುಚ್ಚುವಳು.

"ಹೂಂ. ಈಗ ನೀವು ಹೇಳ್ರಮ್ಮ."

"ಅಯ್ಯೋ ಅಕ್ಕಾ, ಕುಡಿದ್ಲಾ ಇಲ್ವಾ, ಅಷ್ಟು ಹೇಳ್ಬಿಡು!"

"ಅವಳು ಕುಡಿಯೋದು ಹಾಗಿರ್ಲಿ. ನಿನ್ನ ಓರಗಿತ್ತಿ ತವರಿಗೆ ಹೋದೋಳು ಇನ್ನೂ ಯಾಕೆ ಬಂದಿಲ್ಲ, ಅದನ್ನ ಹೇಳು ಮೊದ್ಲು."

ಬೀದಿಯ ಒಂದು ಹೊಸ ಸುದ್ದಿ ಬಂದರೆ ಮಾತ್ರ ಕಥೆ ಮುಂದಕ್ಕೆ. ಹಳಸಿದ ಸುದ್ದಿ ನಡೆಯುತ್ತಿರಲಿಲ್ಲ. ಒಮ್ಮೆ ಊರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯದೆ ಒಬ್ಬ ಮಹಾರಾಣಿ ಬಟ್ಟಲು ಹಿಡಿದುಕೊಂಡೇ ಒಂದು ವಾರ ನಿಂತಿದ್ದಳು. ಕೊನೆಗೆ ಯಾರೋ ಪುಣ್ಯಾತ್ಗಿತ್ತಿ ತನ್ನ ಮೈದುನನ ಗುಟ್ಟು ಬಿಟ್ಟುಕೊಟ್ಟು ಆಕೆಯ ಕೈಯ ಭಾರ ಇಳಿಸಿದಳು.

ಕೊಟ್ಟ ಸುದ್ದಿ ವ್ಯರ್ಥವಾಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬ ಯಜಮಾನರಿದ್ದರು. ಹೊರಗೆ ಬಹಳ ದೊಡ್ಡ ಮನುಷ್ಯ, ಒಳಗೆ ಹೆಂಡತಿಯ ಮೇಲೆ ಕೈಮಾಡುತ್ತಿದ್ದರು. ಆ ಸುದ್ದಿ ಜಗಲಿಗೆ ಬಂದ ಮಾರನೆಯ ದಿನ ಕಾದಂಬರಿಯಲ್ಲಿ ಒಬ್ಬ ದಳವಾಯಿ ಹುಟ್ಟಿದ. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಮೊಣಕೈವರೆಗೂ ನೀಲಿ ಬಣ್ಣ (ಯುದ್ಧದಲ್ಲಿ ಆದ ಗಾಯದ ಕಲೆ ಎಂದು ವಿವರಣೆ), ಶತ್ರುವನ್ನು ಕಂಡರೆ ಓಟ, ಅಂತಃಪುರದಲ್ಲಿ ಮಾತ್ರ ಪರಾಕ್ರಮ. ಜಗಲಿ ಬಿದ್ದು ಬಿದ್ದು ನಕ್ಕಿತು. ಆ ಹೆಂಡತಿಯೂ ಅಲ್ಲೇ ರಾಟೆ ತಿರುಗಿಸುತ್ತ ಕೂತಿದ್ದಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಸೆರಗು ತೆಗೆದೇ ನಕ್ಕಳು. ಸ್ವಲ್ಪ ದಿನದಲ್ಲೇ ಆ ಯಜಮಾನರು ಹೋದಲ್ಲೆಲ್ಲ ಹೆಂಗಸರು ದಾರಿ ಬಿಟ್ಟು, "ದಳವಾಯಿಗಳು ದಯಮಾಡಿಸ್ಬೇಕು" ಎನ್ನತೊಡಗಿದರು. ಯಾಕೆಂದು ಅವರಿಗೆ ಯಾರೂ ಹೇಳಲಿಲ್ಲ. ಅವರಿಗೇ ಅರ್ಥವಾಗಿರಬೇಕು. ಆ ಮನೆಯ ಪರಾಕ್ರಮ ಅಲ್ಲಿಗೆ ಇಳಿಯಿತು.

ಇಂಥ ಒಬ್ಬಾಕೆಯನ್ನು ಮೆಚ್ಚಿಕೊಳ್ಳುವುದು ಸುಲಭ. ನಾನು ಕಷ್ಟದ ದಾರಿ ಹಿಡಿದೆ.

ಕಾರಣವಿಷ್ಟೆ. ನನ್ನೊಡನೆ ಎರಡು ಮಾತಾಡದ ಅತ್ತೆ, ಅಕ್ಕ ಸುದ್ದಿ ಕೇಳಿದಾಗ ಪಕ್ಕಕ್ಕೆ ಸರಿದು, ಆಕೆಯ ತೊಡೆ ತಟ್ಟಿ, ಅರ್ಧ ಗಂಟೆ ಮಾತಾಡುತ್ತಿದ್ದರು. ಅವರಿಗೆ ಅಷ್ಟು ಮಾತು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಒಂದು ದಿನ ಕಾದಂಬರಿಗೆ ಕಿರಿಯ ರಾಣಿಯೊಬ್ಬಳು ಬಂದಳು. ಪರರಾಜ್ಯದಿಂದ ಪೆಟ್ಟಿಗೆ ತುಂಬ ತಾಳೆಗರಿ ಹೊತ್ತು ತಂದವಳು. ಶಾಸ್ತ್ರವೆಲ್ಲ ಬಾಯಿಪಾಠ, ಸಾರಿಗೆ ಉಪ್ಪು ಹಾಕುವುದು ಮಾತ್ರ ಯಾವ ತಾಳೆಗರಿಯಲ್ಲೂ ಬರೆದಿರಲಿಲ್ಲ. ರಾಟೆಗಳೆಲ್ಲ ನಿಂತವು. ಎಲ್ಲರೂ ನನ್ನ ಕಡೆ ನೋಡದಿರಲು ಪಟ್ಟ ಪ್ರಯತ್ನದಿಂದಲೇ ನನಗೆ ವಿಷಯ ತಿಳಿಯಿತು. ಅತ್ತೆ ನಕ್ಕರು. ಮದುವೆಯಾಗಿ ವರ್ಷವಾಗುತ್ತ ಬಂದಿತ್ತು. ಅತ್ತೆಯ ಹಲ್ಲುಗಳನ್ನು ನಾನು ನೋಡಿದ್ದು ಅದೇ ಮೊದಲು... ಒಳ್ಳೆಯ ಹಲ್ಲುಗಳು. ಅವನ್ನು ತೋರಿಸಿದ್ದು ಮಾತ್ರ ಇನ್ನೊಬ್ಬಳಿಗೆ.

ವಿದ್ಯಾವಂತೆಯಾದ ನಾನು ವಿದ್ಯಾವಂತರ ದಾರಿಯಲ್ಲೇ ಯುದ್ಧಕ್ಕೆ ಹೊರಟೆ. ಗಂಡನಿಗೆ ಹೇಳಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ತರಿಸಿದೆ. ಪುಟಪುಟವೂ ಓದಿದೆ. ಕಿರಿಯ ರಾಣಿ ಎಲ್ಲೂ ಇರಲಿಲ್ಲ. ದಳವಾಯಿಯೂ ಇಲ್ಲ. ಇದ್ದವಳು ಒಬ್ಬಳೇ ರಾಣಿ. ಆಕೆ ಮೊದಲ ಅಧ್ಯಾಯದಲ್ಲಿ ಕಿಟಕಿಯ ಬಳಿ ನಿಂತವಳು ಕೊನೆಯ ಅಧ್ಯಾಯದವರೆಗೂ ಸರಿಯಾಗಿ ಕೂತೇ ಇಲ್ಲ. ದಾಸಿಯೊಬ್ಬಳು ಚಾಡಿ ಹೇಳುತ್ತಾಳೆ, ರಾಜ ನಂಬುತ್ತಾನೆ, ರಾಣಿ ವಿಷ ಕುಡಿಯುತ್ತಾಳೆ, ಆಮೇಲೆ ರಾಜನಿಗೆ ಬುದ್ಧಿ ಬರುತ್ತದೆ. ಅಕ್ಕನ ಓದಿನಲ್ಲಿ ಆ ದಾಸಿ ಅಡುಗೆಮನೆ, ಕುದುರೆಲಾಯ, ಮಂತ್ರಿಯ ಮಲಗುವ ಕೋಣೆ ಎಲ್ಲೆಡೆಯ ಸುದ್ದಿ ತಂದು ರಾಣಿಯ ಕಿವಿಗೆ ಹಾಕಿ, ಇಬ್ಬರೂ ಸೇರಿ ರಾಜ್ಯ ಆಳುತ್ತಿದ್ದರು. ರಾಜನಿಗೆ ಮೃಗಯಾವಿಹಾರವೊಂದೇ ಕೆಲಸ. ಅಚ್ಚಾದ ಪುಸ್ತಕದಲ್ಲಿ ಅದೇ ದಾಸಿಯನ್ನು ಆನೆಯ ಕಾಲಿಗೆ ಹಾಕಿಸಿದ್ದರು. ನಮ್ಮ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಹೆಂಗಸಿಗೆ ಅಧಿಕಾರವೆಂದರೆ ಒಂದು ಚೆಲುವು, ಇನ್ನೊಂದು ವಿಷ. ಬಾಯಿ ಬಿಟ್ಟವಳಿಗೆ ಆನೆ.

ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು, ಕಳ್ಳಿ ಸಿಕ್ಕಿಬಿದ್ದಳು ಎಂಬುದೊಂದೇ.

ಮಾರನೆಯ ಮಧ್ಯಾಹ್ನ ಜಗಲಿಯ ಮೇಲೆ ಎದ್ದು ನಿಂತು, ನ್ಯಾಯಸ್ಥಾನದ ಗಾಂಭೀರ್ಯದಿಂದ ಹೇಳಿದೆ: "ಅಕ್ಕ ಓದ್ತಿರೋದು ಪುಸ್ತಕದಲ್ಲಿ ಇಲ್ಲ. ಎಲ್ಲಾ ಅವರೇ ಸೇರಿಸಿರೋದು."

ಯಾರ ರಾಟೆಯೂ ನಿಲ್ಲಲಿಲ್ಲ.

"ಗೊತ್ತು ಕಣಮ್ಮ, ಕೂತ್ಕೋ" ಎಂದಳು ಬಣ್ಣದ ಮನೆಯವಳು, ಅದೇ ದಳವಾಯಿಯ ಹೆಂಡತಿ. "ನಮ್ಮನೇರ ವಿಷಯ ಅಚ್ಚು ಹಾಕ್ಸೋಕೆ ಅವ್ರೇನು ದೊಡ್ಡ ರಾಜ್ರಾ?"

ಅಕ್ಕ ಸಿಟ್ಟಾಗಲಿಲ್ಲ. ಅದೇ ನನಗೆ ಸಹಿಸಲಾಗದ್ದು. ಪುಸ್ತಕವನ್ನು ನನ್ನ ಕಡೆಗೆ ಚಾಚಿ, "ಓದಿದೋಳು ನೀನು. ಇವತ್ತು ನೀನೇ ಓದಮ್ಮ, ನಂಗೂ ದವಡೆ ನೋವು" ಎಂದಳು.

ಓದಿದೆ. ಮಹಾಪ್ರಾಣಗಳನ್ನು ಎದೆಯಾಳದಿಂದ ಎತ್ತಿ ಓದಿದೆ. ಅಲ್ಪವಿರಾಮಕ್ಕೆ ಅಲ್ಪ ವಿರಾಮ, ಪೂರ್ಣವಿರಾಮಕ್ಕೆ ಪೂರ್ಣ ವಿರಾಮ ಕೊಟ್ಟೆ. ವಿಷದ ಬಟ್ಟಲು ಬಂತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸುವುದೇಕೆ, ನಾನೇನು ಸುದ್ದಿಗೆ ಕಾಯುವ ಬಜಾರಿಯೇ? ರಾಣಿಗೆ ಒಂದೇ ಗುಟುಕಿನಲ್ಲಿ ಕುಡಿಸಿ, ಉಸಿರು ಬಿಡದೆ ಎರಡು ಅಧ್ಯಾಯ ಮುಗಿಸಿ ತಲೆಯೆತ್ತಿದೆ. ಬಣ್ಣದ ಮನೆಯವಳ ಬಾಯಿ ಅರ್ಧ ತೆರೆದಿತ್ತು, ಏನನ್ನೋ ಹೇಳಲು ತಂದು ಜಾಗ ಸಿಗದೆ ಕೂತವಳ ಹಾಗೆ. ಇನ್ನಿಬ್ಬರು ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದರು. ಅತ್ತೆ ಇರಲಿಲ್ಲ. ಹಾಲು ಒಲೆಯ ಮೇಲಿದೆ ಎಂದು ಎದ್ದು ಹೋಗಿದ್ದರಂತೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಹಾಲು ಇರುತ್ತಲೇ ಇರಲಿಲ್ಲ.

ಮರುದಿನ ಅತ್ತೆ ಮತ್ತೆ ಮೊದಲಿಗರಾಗಿ ಹೊರಟರು. ಪುಸ್ತಕ ಅಕ್ಕನ ಕೈಗೆ ಮರಳಿತ್ತು. ಹಿಂದಿನ ದಿನ ವಿಷ ಕುಡಿದ ರಾಣಿ ಏನೂ ಆಗದವಳಂತೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು.

ಆ ಬೇಸಿಗೆಯಲ್ಲೇ ನನಗೆ ಟ್ರೈನಿಂಗಿಗೆ ಸೀಟು ಸಿಕ್ಕಿತು. ಅರ್ಜಿಯನ್ನು ಗಂಡ ಗುಟ್ಟಾಗಿ ಹಾಕಿದ್ದರು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಬರಬಹುದು, ಎರಡು ವರ್ಷ. ಸೋಮವಾರದೊಳಗೆ ಸೇರದಿದ್ದರೆ ಸೀಟು ಇನ್ನೊಬ್ಬರಿಗೆ. ಅತ್ತೆಗೆ ಹೇಳಿದೆ. ಅವರು ಸೌದೆ ಮುಂದಕ್ಕೆ ತಳ್ಳಿದರು. ಶುಕ್ರವಾರ ಕಳೆಯಿತು. ನಾನು ಊಟ ಬಿಟ್ಟೆ, ಯಾರೂ ಗಮನಿಸಲಿಲ್ಲ. ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು.

ಅಕ್ಕ ಎದ್ದು ಉಗುಳಿ ಬಂದಳು. ಮಹಾರಾಜರು ಬೇಟೆಗೆ ಹೋಗಿದ್ದಾರೆ. ಗಡಿಯಿಂದ ಓಲೆ ಬಂದಿದೆ, ರಾಜಮುದ್ರೆ ಒತ್ತಿ ಉತ್ತರ ಕಳಿಸಬೇಕು, ಅರಮನೆಯಲ್ಲಿ ಓದುಬರಹ ಬಲ್ಲವಳು ಕಿರಿಯ ರಾಣಿಯೊಬ್ಬಳೇ. ಆದರೆ ಮುದ್ರೆ ಇರುವುದು ರಾಜಮಾತೆಯ ಸೊಂಟದಲ್ಲಿ. ಆಕೆ ಅದನ್ನು ಇಷ್ಟು ವರ್ಷ ಯಾರ ಕೈಗೂ ಕೊಟ್ಟವಳಲ್ಲ. ಕೊಟ್ಟರೆ ತನಗೇನು ಉಳಿಯಿತು ಎಂದು ಆಕೆಗೆ ಭಯ. ರಾಜಮಾತೆ ಮುದ್ರೆಯನ್ನು ಸೊಂಟದಿಂದ ಬಿಚ್ಚಿದಳು, ಅಂಗೈಯಲ್ಲಿ ಹಿಡಿದಳು, ಸೊಸೆಯ ಮುಖ ನೋಡಿದಳು...

ನೇರಳೆ ನೂಲು ಪುಟದೊಳಗೆ ಹೋಯಿತು. ಪುಸ್ತಕ ಮುಚ್ಚಿತು.

"ಹೂಂ. ಈಗ ನೀವು ಹೇಳಿ, ದೊಡ್ಡಕ್ಕ."

ಆಕೆ ಹಾಗೆ ಅತ್ತೆಯನ್ನೇ ಕರೆದು ಕೇಳಿದ್ದು ಅದೇ ಮೊದಲು. ಅತ್ತೆಯ ಕೈ ರಾಟೆಯ ಮೇಲೆ ನಿಂತಿತು. ಒಂದೊಂದಾಗಿ ಎಲ್ಲರ ರಾಟೆಗಳೂ ನಿಂತವು. ಬೀದಿಯ ಕೊನೆಯಲ್ಲಿ ಯಾರದೋ ಮನೆಯ ಕೋಳಿ ಕೊಕ್ಕರಿಸುವುದು ಕೇಳಿಸಿತು. ನಾನು ನನ್ನ ರಾಟೆಯ ಕಡ್ಡಿಯನ್ನೇ ನೋಡುತ್ತಿದ್ದೆ.

"ಕೊಡ್ಲಿ ಬಿಡೇ" ಎಂದರು ಅತ್ತೆ. "ಸಾರಿಗೆ ಉಪ್ಪು ಹಾಕೋಕಂತೂ ಬರಲ್ಲ. ಮುದ್ರೆನಾದ್ರೂ ಒತ್ಲಿ."

ಜಗಲಿಯೆಲ್ಲ ಹೋ ಎಂದಿತು. ಬಣ್ಣದ ಮನೆಯವಳು ನನ್ನ ಬೆನ್ನಿಗೆ ಗುದ್ದಿದಳು. ಸೋಮವಾರ ನಾನು ಬೆಳಗಿನ ರೈಲು ಹತ್ತಿದೆ.

ನನ್ನ ಮೂವತ್ತನಾಲ್ಕು ವರ್ಷದ ನೌಕರಿ, ಜಡಿಗೇನಹಳ್ಳಿಯಿಂದ ಹಿಡಿದು ನಾನು ಪಾಠ ಮಾಡಿದ ಊರುಗಳು, ಈಗಿನ ಪೆನ್ಷನ್ನು, ಎಲ್ಲವೂ ಆ ಒಂದು ಮಾತಿನಿಂದ ಬಂದವು. ಉಪಕಾರ ಸ್ಮರಣೆ ಇಲ್ಲವೆಂದಲ್ಲ. ಆದರೆ ಆ ಮಾತನ್ನು ಅತ್ತೆ ನನಗೆ ಹೇಳಲಿಲ್ಲ. ನಾನು ಒಲೆಯ ಮುಂದೆ ಅಷ್ಟು ಸಲ ಕೇಳಿದ ಪ್ರಶ್ನೆಗೆ ಉತ್ತರವನ್ನು ಅಕ್ಕನ ಜಗಲಿಯ ಮೇಲೆ, ಆಕೆಯ ಮುಖ ನೋಡಿ, ಆಕೆಗೆ ಕೊಟ್ಟರು. ರೈಲಿನಲ್ಲಿ ಯಲಹಂಕ ದಾಟುವವರೆಗೂ ನಾನು ಸಂತೋಷ ಪಡಲು ಪ್ರಯತ್ನಿಸಿ ಸೋತೆ.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಮೂಲೆಮನೆಯವರು ಮಗ್ಗ ಮಾರಿ ಹಿಂದೂಪುರದ ಕಡೆ ಹೋದರು. ಬಾಡಿಗೆ ಪುಸ್ತಕದ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು, ಆ ಕಾದಂಬರಿ ನೇರಳೆ ನೂಲಿನ ಸಮೇತ ಆಕೆಯಲ್ಲೇ ಉಳಿದಿತ್ತು. ಹೊರಡುವ ದಿನ ಅದನ್ನು ತಂದು ಕೊಟ್ಟಳು. ಬೀದಿಗೇ ಓದಿದ ಟೀಚರಾದ ನನಗಲ್ಲ, ಒಂದಕ್ಷರ ಬಾರದ ನಮ್ಮ ಅತ್ತೆಗೆ. ಅತ್ತೆ ಅದನ್ನು ಧಾರೆ ಸೀರೆಯ ಕೆಳಗಿಟ್ಟರು. ಆಮೇಲೆ ಮಧ್ಯಾಹ್ನ ಕರೆಂಟು ಹೋದರೆ ಬಾಗಿಲಿಗೆ ಬಂದು, ಮೂಲೆಯ ಕಡೆ ಒಮ್ಮೆ ನೋಡಿ, ಒಳಗೆ ಬಂದು ಮಲಗುತ್ತಿದ್ದರು...

ಬಹಳ ವರ್ಷದ ನಂತರ ಅತ್ತೆ ಹಾಸಿಗೆ ಹಿಡಿದರು. ನನ್ನ ತಲೆಯೂ ಆಗ ನರೆಯುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಅದನ್ನ ಓದು" ಎಂದರು. ನನಗೇ ಹೇಳಿದರು. ಕೋಣೆಯಲ್ಲಿ ಒಲೆ ಇರಲಿಲ್ಲ. ನೂಲಿದ್ದ ಪುಟ ತೆರೆದೆ. ರಾಣಿ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಒಂದು ಪುಟ ಓದುವಷ್ಟರಲ್ಲಿ ಅತ್ತೆ ತಲೆಯಾಡಿಸಿದರು. "ಇದಲ್ಲ." ಇನ್ನೊಂದು ಪುಟ ಓದಿದೆ. "ಇದಲ್ಲ ಕಣೇ..."

ಪುಸ್ತಕ ಮುಚ್ಚಿದೆ. ಎಷ್ಟೋ ತರಗತಿಗಳಿಗೆ ಪಾಠ ಹೇಳಿದ ಮೇಲೆ ಅಷ್ಟು ಬುದ್ಧಿ ಬಂದಿತ್ತು. ನೂಲನ್ನು ಸರಿಯಾಗಿಟ್ಟು, "ಹೂಂ. ಈಗ ನೀವು ಹೇಳಿ" ಎಂದೆ.

ಅತ್ತೆ ಮೆಲ್ಲಗೆ ಹಾಸಿಗೆಯ ಅಂಚಿಗೆ ಸರಿದು ನನ್ನ ತೊಡೆ ತಟ್ಟಿದರು. ಆಮೇಲೆ ಮಾತಾಡಿದರು. ದೀಪ ಹಚ್ಚುವವರೆಗೂ ಮಾತಾಡಿದರು. ಜೀವಮಾನವೆಲ್ಲ ನಾನು ಕಾದಿದ್ದ ಮಾತುಗಳು ನನಗೇ ಬಂದವು. ಅಷ್ಟೂ ಮೂಲೆಮನೆ ಅಕ್ಕನ ವಿಷಯ.

ಅಕ್ಕನಿಗೆ ಎಲೆಗೆ ಎಷ್ಟು ಸುಣ್ಣ ಬೇಕಿತ್ತು, ಅಕ್ಕ ಹೇಗೆ ಸೀನುತ್ತಿದ್ದಳು... ನಾನು ಟ್ರೈನಿಂಗಿಗೆ ಹೋದ ಎರಡು ವರ್ಷ ನನ್ನ ಪಾಲಿನ ಕಂಡಿಕೆಯನ್ನು ದಿನಾ ಬೆಳಿಗ್ಗೆ ಅವಳೇ ಸುತ್ತಿ, ಮಡಿಲಲ್ಲಿ ಮುಚ್ಚಿ ತಂದು ಅತ್ತೆಗೆ ಕೊಡುತ್ತಿದ್ದಳಂತೆ. ತನ್ನ ಕಂಡಿಕೆಯನ್ನೇ ತಾನು ಸುತ್ತದಿದ್ದವಳು! "ಸುತ್ತೋಕೆ ಬರ್ತಿರ್ಲಿಲ್ಲ ಕಣೇ ಅವ್ಳಿಗೆ. ಎಲ್ಲಾ ಸಡಿಲ. ಘಳಿಗೆಗೊಂದ್ಸಲ ಎಳೆ ಕಿತ್ಕೊಳ್ಳೋದು. ನಿಮ್ ಮಾವ ನಂಗೆ ಕೈ ಬಿದ್ದೋಯ್ತು ಅಂತ ಎರಡು ವರ್ಷ ಬೈದ್ರು. ಅವಳ ಹೆಸರು ಹೇಳ್ತೀನಾ ನಾನು?" ಎಂದು ಅತ್ತೆ ನಕ್ಕರು. ಹಲ್ಲುಗಳು ಅಷ್ಟು ಹೊತ್ತಿಗೆ ಉಳಿದಿರಲಿಲ್ಲ. ಆದರೂ ಅದು ನನಗೆ ತೋರಿಸಿದ ನಗು.

ಅತ್ತೆ ಹೋದರು. ಹಿಂದೂಪುರದ ಕಡೆಯಿಂದ ಅಕ್ಕನೂ ತೀರಿಕೊಂಡಳೆಂಬ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ನಾವು ಅತ್ತೆಗೆ ಹೇಳಿರಲಿಲ್ಲ. ಮೂಲೆಮನೆ ಇದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ, ಜಗಲಿ ಇಲ್ಲ. ಕಂಡಿಕೆ ಮೆಷಿನ್ನಿನಲ್ಲೇ ಸುತ್ತುತ್ತದೆ. ಕರೆಂಟು ಹೋದರೂ ಯಾರೂ ಹೊರಗೆ ಬರುವುದಿಲ್ಲ.

ಮೊನ್ನೆ ಆ ನೂಲನ್ನು ಸರಿಸಲು ಕೈ ಬರಲಿಲ್ಲ. ಅದೇ ಪುಟದಲ್ಲಿ ಬಿಟ್ಟು ಪುಸ್ತಕ ಮುಚ್ಚಿದೆ. ನನ್ನ ಬಳಿ ಈಗ ಸುದ್ದಿ ಬೇಕಾದಷ್ಟಿದೆ. ಬಣ್ಣದ ಮನೆಯ ಮೊಮ್ಮಗಳು ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದಾಳೆ, ನಮ್ಮ ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ... ಒಂದೂ ಹಳಸಿದ್ದಲ್ಲ, ಕೇಳುವವರಿಲ್ಲ. ಮೇಲೆ ಎಲ್ಲಾದರೂ ಒಂದು ಜಗಲಿ ಇದ್ದರೆ ಅತ್ತೆ ಈಗಾಗಲೇ ಅಕ್ಕನ ಪಕ್ಕಕ್ಕೆ ಸರಿದು, ತೊಡೆ ತಟ್ಟಿ, ನನ್ನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ನಾನು ಹೋಗುವ ಹೊತ್ತಿಗೆ ಕೊಡಲು ಹೊಸದೇನೂ ಉಳಿದಿರುವುದಿಲ್ಲ.